ಯಲ್ಲವ್ವನ ಹಂದಿಗೆ ಬಂದ ರಿಪೋರ್ಟು

"ಏನೂ ಕಾಣಲಿಲ್ಲ" ಎಂಬ ಮಾತು ಕೇಳಿ ನೀವು ಯಾವತ್ತಾದರೂ ಹೆದರಿದ್ದೀರಾ? ನಾನು ಹೋದ ವಾರ ಹೆದರಿದೆ. ಇನ್ನೂ ಹೆದರುತ್ತಲೇ ಇದ್ದೇನೆ.

ಶ್ರೀರಾಮನಗರದ ಯಲ್ಲವ್ವ ಹಂದಿ ಸಾಕುತ್ತಾಳೆ. ಅವಳ ಮನೆ ನಡೆಯುವುದೇ ಅದರ ಮೇಲೆ. ಗಬ್ಬದ ಹಂದಿಯೊಂದಕ್ಕೆ ಜ್ವರ ಬಂದು, ತಿನ್ನುವುದನ್ನೇ ಬಿಟ್ಟಿತು. ದನದ ಡಾಕ್ಟರು ಸೂಜಿ ಚುಚ್ಚಿ, ತಾವು ಹೇಳುವತನಕ ಬೇರೆ ಕಟ್ಟು ಎಂದು ಹೋದರು.

ಊರಿಗೆ ಬಂದಿದ್ದ ನನ್ನ ಅಣ್ಣನ ಮಗಳು ಸುನಂದಾ ಅದರ ರಕ್ತವನ್ನು ತನ್ನ ಲ್ಯಾಬಿಗೆ ಒಯ್ದಳು. ಹಂದಿಯ ರೋಗನಿರೋಧಕ ಶಕ್ತಿ ಅವಳ ರಿಸರ್ಚಿನ ವಿಷಯ. (ವರನ ಕಡೆಯವರಿಗೆ ಇದನ್ನು ವಿವರಿಸಲು ಅತ್ತಿಗೆ ಇನ್ನೂ ಒದ್ದಾಡುತ್ತಾರೆ.) ರೋಗ ಹೊಕ್ಕರೆ ಮೈಯೊಳಗಿನ ಜೀವಕೋಶಗಳು ಒಂದಕ್ಕೊಂದು ಸುದ್ದಿ ಕಳಿಸುತ್ತವಂತೆ. ಆ ಸುದ್ದಿ ಒಯ್ಯುವ ಪ್ರೋಟೀನುಗಳನ್ನು ರಕ್ತದಲ್ಲಿ ಹಿಡಿದು ತೋರಿಸುವುದು, ಲ್ಯಾಬಿನವರು ಕೊಂಡು ತರುವ ಆಂಟಿಬಾಡಿ ಎಂಬ ಪದಾರ್ಥದ ಕೆಲಸ.

ಫೋನ್ ಬಂತು. "ಕಾಕಾ, ರಕ್ತದಾಗ ಏನೂ ಕಾಣಲಿಲ್ಲ."

ನಾನು ಖುಷಿಯಿಂದ ಯಲ್ಲವ್ವನಿಗೆ ಅಷ್ಟನ್ನೇ ದಾಟಿಸಿದೆ.

ಮರುದಿನ ಮತ್ತೆ ಫೋನ್. "ಆ ಹಂದಿನ್ನ ಇನ್ನೂ ಬೇರೆ ಕಟ್ಟ್ಯಾರಲ್ಲ ಕಾಕಾ? ರೋಗ ಖಾತ್ರಿ ಇದ್ದ ಹಂದಿ ರಕ್ತದಾಗೂ ಏನೂ ಕಾಣವಲ್ದು. ನಮ್ಮ ಆಂಟಿಬಾಡಿ ಮನಷ್ಯಾರ ಪ್ರೋಟೀನಿಗೆ ಮಾಡಿದ್ದು, ಹಂದೀದನ್ನ ಹಿಡಿಯಾಂಗಿಲ್ಲ. ಹಂದಿಗಂತನ ಮಾಡಿದ್ದು ಸಿಗೂದು ಭಾಳ ಕಡಿಮಿ."

ಮನುಷ್ಯನಿಗೆ, ಇಲಿಗೆ ಬೇಕಾದಷ್ಟು ಆಂಟಿಬಾಡಿಗಳು ಇವೆಯಂತೆ. ಹಂದಿಯನ್ನು ಯಾರು ಕೇಳಬೇಕು?

ಸ್ಕೂಟರ್ ಹತ್ತಿ ಓಡಿದೆ. ಗುಣವಾದ ಹಂದಿಯ ಮೈ ತೊಳೆದು, ಬೆನ್ನಿಗೆ ಅರಿಶಿನ ಹಚ್ಚಿ, ಉಳಿದವುಗಳ ಜೊತೆ ಒಂದೇ ಬಾನಿಯಲ್ಲಿ ಉಣಿಸುವುದು ಯಲ್ಲವ್ವನ ಮನೆಯ ಪದ್ಧತಿ. ಹೋಗುವಷ್ಟರಲ್ಲಿ ಬಾನಿಯ ಸುತ್ತ ನೂಕಾಡುವ ಬೆನ್ನುಗಳ ನಡುವೆ ಒಂದು ಹಳದಿ ಬೆನ್ನು ಕಂಡಿತು.

"ಡಾಕ್ಟ್ರು ಬ್ಯಾಡ ಅಂದಿದ್ರಲ್ಲ ಯಲ್ಲವ್ವಾ?"

"ನಿಮ್ಮ ಮಗಳು ದೊಡ್ಡ ಮಿಷಿನ್ನಾಗ ನೋಡಿ ಏನೂ ಇಲ್ಲ ಅಂದ್ಲಲ್ರಿ ಸರ!" ಎಂದು ನಕ್ಕಳು. ಆಮೇಲೆ ಬಾನಿಗೆ ಬೆನ್ನು ಮಾಡಿ ನಿಂತಿದ್ದ ಮರಿಯೊಂದನ್ನು ತೋರಿಸಿದಳು. "ಇದು ಮುಂಜಾನಿಂದ ಬಾಯಿ ಹಾಕವಲ್ದು. ಇದರ ರಕ್ತಾನೂ ಅಕಿಗೇ ಕಳಸ್ರಿ. ಏನೂ ಇಲ್ಲ ಅಂದ್ಲಂದ್ರ ನಂಗೂ ಧೈರ್ಯ ಬರ್ತೈತಿ."

ಹೇಳಲೇಬೇಕಿತ್ತು, ಹೇಳಿದೆ. ಎರಡನ್ನೂ ಬೇರೆ ಕಟ್ಟಿದೆವು. ಡಾಕ್ಟರು ಎಲ್ಲ ಹಂದಿಗಳ ರಕ್ತ ತೆಗೆದು ರೋಗದ ಪರೀಕ್ಷೆಗೆ ಕಳಿಸಿದ್ದಾರೆ.

ಅಲ್ಲಿಂದಲೂ "ಏನೂ ಕಾಣಲಿಲ್ಲ" ಎಂದೇ ಬಂದರೆ, ಯಲ್ಲವ್ವ ನಗಬೇಕೋ, ಅಳಬೇಕೋ?