ಮೊನೆಯಲ್ಲಿ ಕಣ್ಣಿರುವ ಸೂಜಿ

ಟಿ. ನರಸೀಪುರದಲ್ಲಿ ಹೊಲಿಗೆ ಅಂಗಡಿಯನ್ನೂ ಕ್ಲಾಸನ್ನೂ ಒಂದೇ ಕೋಣೆಯಲ್ಲಿ ನಡೆಸುವ ವನಜಾಕ್ಷಿಗೆ, ಕೈಸೂಜಿಯ ಹಿಂದಿದ್ದ ಕಣ್ಣನ್ನು ಮೊನೆಗೆ ತಂದು ಹೊಲಿಗೆ ಮಿಷನ್ ಓಡಿಸಿದ ಆ ಪುಣ್ಯಾತ್ಮನೇ ಗುರು. "ತಿರುಗ್ಸಾಕಿ ಯೋಚ್ನೆ ಮಾಡ್ರವ್ವಾ" ಎಂಬುದೇ ಅವಳ ಪಾಠ. ಮನೆಯಲ್ಲಿ ದೋಸೆ ಮಗುಚುವಾಗಲೂ ಅದೇ ಮಾತು. ಬೇರೆ ಟೈಲರುಗಳು ಕಟಿಂಗ್ ಗುಟ್ಟು ಬಚ್ಚಿಟ್ಟರೆ, ಇವಳು ಮೇಜನ್ನು ಕೋಣೆಯ ನಡುವಿಗೆ ಎಳೆದು, ಎಲ್ಲರಿಗೂ ತೋರಿಸಿಯೇ ಕತ್ತರಿಸುತ್ತಾಳೆ. ಸೋಸಲೆಯ ದಿವ್ಯ ಇವಳ ಬಳಿ ಕಲಿತವಳೇ ಎದುರಿಗೇ ಅಂಗಡಿ ತೆರೆದಳು; ಅರ್ಧ ಗಿರಾಕಿಗಳು ಆ ಕಡೆ ದಾಟಿದರು. "ಇನ್ನೂ ಏಳ್ಕೊಡು, ಒಟ್ಟೆಗೆ ತಣ್ಣೀರ್ ಬಟ್ಟೆ ಆಕ್ಕೊ!" ಎಂದು ಗಂಡ ಚೆಲುವರಾಜು ರೇಗಿದ. ವನಜಾಕ್ಷಿಗೆ ತನಗೆ ಕಲಿಸಿದ ಟೈಲರ್ ನೆನಪಾದ. ಬಟ್ಟೆ ಕತ್ತರಿಸುವಾಗೆಲ್ಲ ಅವನು ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಅವಳು ರವಿಕೆ ಬಟ್ಟೆ ಹಿಡಿದು ರಸ್ತೆ ದಾಟಿದಳು. "ನನ್ ಅಳತೆ ತಕ್ಕೊಳವ್ವಾ" ಎಂದಳು. ದಿವ್ಯಳ ಮೇಜೂ ಕೋಣೆಯ ನಡುವೆಯೇ ಇತ್ತು. ಸುತ್ತ ಹೊಸ ಹುಡುಗಿಯರು ಬಗ್ಗಿ ನೋಡುತ್ತಿದ್ದರು.