ಬುರುಲ್ಚಾ ಎಜೆ ಅಳಿಸಿದ ದನಿ

ಬೆಟ್ಟದೂರು ನಾರಿನ್‌ನ ಪೇಟೆಯ ಹಿಂಬದಿಯಲ್ಲಿ, ಕೀಲಿ ಮಾಡುವ ದೂಯ್ಶೆನ್‌ನ ಪೆಟ್ಟಿಗೆಯಂಗಡಿಗೆ ಅಂಟಿಕೊಂಡಂತೆ ಬುರುಲ್ಚಾ ಎಜೆಯ ಅಂಗಡಿಯಿತ್ತು. ಎಜೆ ಎಂದರೆ ಅಕ್ಕ. ಅವರಿಗೆ ಐವತ್ತೆಂಟು ದಾಟಿತ್ತು, ಆದರೂ ಚಿಕ್ಕವರು ದೊಡ್ಡವರೆನ್ನದೆ ಊರೆಲ್ಲ ಹಾಗೆಯೇ ಕರೆಯುತ್ತಿತ್ತು. ಕಾಲೇಜಿನ ಮೂರು ವರ್ಷ ನಾನು ಅವರ ಮನೆಯ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದೆ. ತರಗತಿ ಮುಗಿದ ಮೇಲೆ ಓದಲು ಅಂಗಡಿಗೆ ಹೋಗುತ್ತಿದ್ದೆ. ಅಲ್ಲಿ ಒಲೆ ಬೆಚ್ಚಗಿರುತ್ತಿತ್ತು.

ಹಳೆಯ ಕಂಪ್ಯೂಟರುಗಳನ್ನು ಹೊಸದು ಮಾಡುವುದು ಅವರ ಕೆಲಸ. ರಾಜಧಾನಿಯ ಕಚೇರಿಗಳು ಬೇಡವೆಂದು ಬಿಟ್ಟ ಯಂತ್ರಗಳು ಲಾರಿಯೇರಿ ಕಣಿವೆ ದಾಟಿ ಬರುತ್ತಿದ್ದವು. ಎಜೆ ಮೊದಲು ಕುಂಚದಿಂದ ಧೂಳು ತೆಗೆಯುತ್ತಿದ್ದರು. ಆಮೇಲೆ ಒಳಗಿದ್ದುದನ್ನು ಅಳಿಸಿ ವಿಂಡೋಸ್ ಹೊಸದಾಗಿ ಹಾಕುತ್ತಿದ್ದರು. ಪರದೆಯ ಮೇಲಿನ ಪಟ್ಟಿ ತುಂಬುವವರೆಗೂ ಹಾಲು ಉಕ್ಕುವುದನ್ನು ಕಾಯುವವರಂತೆ ಕಣ್ಣು ಕದಲಿಸದೆ ಕೂತಿರುತ್ತಿದ್ದರು.

ಅದಕ್ಕೂ ಮೊದಲು ಅವರು ಇಪ್ಪತ್ತು ವರ್ಷ ಟೆಲಿಫೋನ್ ಕಚೇರಿಯಲ್ಲಿ, ತೂತಿನ ಹಲಗೆಗೆ ತಂತಿ ಸಿಕ್ಕಿಸಿ ಟ್ರಂಕ್ ಕಾಲ್ ಜೋಡಿಸುತ್ತಿದ್ದರು. ಆ ಹಲಗೆಯನ್ನು ಕಿತ್ತು ಹಾಕಿದಾಗ ಕೆಲಸವೂ ಹೋಯಿತು. ಶಾಲೆಯೊಂದು ಗುಜರಿಗೆ ಕೊಟ್ಟ ಎರಡು ಕಂಪ್ಯೂಟರುಗಳನ್ನು ಬಿಚ್ಚಿ, ಕೂಡಿಸಿ, ತಾನೇ ಕಲಿತರು. ಊರಿಗೂ ಒಂದು ಪಾಠ ಕಲಿಸಿದರು. "ಸಿ ಡ್ರೈವ್ ಅಂದ್ರೆ ಒಲೆ. ಒಡೆದು ಹೊಸದಾಗಿ ಕಟ್ಟೋದೇ. ನಿಮ್ಮ ಸಾಮಾನೆಲ್ಲ ಡಿ ಡ್ರೈವಲ್ಲಿ ಇಡಿ, ಅದು ಉಗ್ರಾಣ. ನಾನು ಅದನ್ನ ಮುಟ್ಟೋದೇ ಇಲ್ಲ." ನಾರಿನ್‌ನ ಕುರಿ ವ್ಯಾಪಾರಿಗೂ ಈ ಪಾಠ ಬಾಯಿಪಾಠವಾಗಿತ್ತು.

ಆ ಸೆಪ್ಟೆಂಬರಿನಲ್ಲಿ ಸಾಯ್ಕಲ್ ಅಪಾ ಒಂದು ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದರು. ಅಪಾ ಎಂದರೆ ಅಮ್ಮ. ಅವರು ಭೂಗೋಳದ ಮೇಷ್ಟ್ರು ಅಸನಾಲಿಯವರ ಹೆಂಡತಿ. ಮೇಷ್ಟ್ರು ತೀರಿಕೊಂಡು ಏಳು ತಿಂಗಳಾಗಿತ್ತು.

"ಮುಂದಿನ ಶನಿವಾರ ಮೊಮ್ಮಗಳನ್ನ ಗಂಡನ ಮನೆಗೆ ಕಳಿಸ್ತಿದೀವಿ. ಹಾಸಿಗೆ, ಚಹಾ ಕಾಯಿಸೋ ಸಮೋವರ್ ಜೊತೆ ಇದೂ ಹೋಗ್ಲಿ. ಅಜ್ಜಂದು ಅಂತ ಒಂದಿರಲಿ," ಅಂದರು.

ಎಜೆ ಗುಂಡಿ ಒತ್ತಿ ನೋಡಿದರು. "ಇದು ಏಳ್ತಾನೇ ಇಲ್ವಲ್ಲ ಅಪಾ."

"ಅವರು ಹೋದ್ಮೇಲೆ ಇದಕ್ಕೂ ಸೋಮಾರಿತನ. ಆದ್ರೆ ನೋಡು, ಅವರದ್ದು ಏನೂ ಹೋಗ್ಬಾರ್ದು."

"ಹದಿನಾರು ವರ್ಷದಲ್ಲಿ ನನ್ನ ಕೈಲಿ ಯಾರದ್ದೂ ಹೋಗಿಲ್ಲ. ನೀವು ಚಹಾ ಕುಡೀರಿ."

ಡಿ ಡ್ರೈವಿನಲ್ಲಿ ಮೂರು ಸಾವಿರ ಫೋಟೋಗಳಿದ್ದವು, ನಕ್ಷೆಗಳಿದ್ದವು. ಎಜೆ ಅವನ್ನು ಮುಟ್ಟಲಿಲ್ಲ. ಸಿ ಡ್ರೈವನ್ನು ಅಳಿಸಿದರು, ವಿಂಡೋಸ್ ಹಾಕಿದರು, ಒದ್ದೆ ಬಟ್ಟೆಯಿಂದ ಕೀಲಿಮಣೆ ಒರೆಸಿ ಕೊಟ್ಟರು.

ಮಂಗಳವಾರ ಮೊಮ್ಮಗಳು ಜಿಬೆಕ್ ಅದೇ ಯಂತ್ರವನ್ನು ಹೊತ್ತು ಓಡಿ ಬಂದಳು.

"ಎಜೆ, ಅಜ್ಜನ ಬಾತಾ ಎಲ್ಲಿ?"

ಬಾತಾ ಎಂದರೆ ಹಿರಿಯರು ಬೊಗಸೆಯೊಡ್ಡಿ ಹೇಳುವ ಹಾರೈಕೆ. ಅದಿಲ್ಲದೆ ನಮ್ಮಲ್ಲಿ ಯಾವ ಹೆಣ್ಣೂ ಹೊಸಿಲು ದಾಟುವುದಿಲ್ಲ. ಮದುವೆಯವರೆಗೆ ತಾನಿರುವುದಿಲ್ಲ ಎಂದು ಚಳಿಗಾಲದಲ್ಲೇ ಮೇಷ್ಟ್ರಿಗೆ ತಿಳಿದಿತ್ತು. ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಕಂಪ್ಯೂಟರಿನ ಮುಂದೆ ಕೂತು, ಬಾತಾವನ್ನು ತಮ್ಮ ದನಿಯಲ್ಲೇ ಮುದ್ರಿಸಿಟ್ಟಿದ್ದರು.

"ಎಲ್ಲಿ ಇಟ್ಟಿದ್ರು?" ಎಜೆಯ ಧ್ವನಿ ಆಗಲೇ ಇಳಿದಿತ್ತು.

"ತೆರೆದ ಕೂಡಲೇ ಮುಂದೆನೇ ಕಾಣತ್ತೆ ಅಂದಿದ್ರು. ಈಗ ನೋಡಿದ್ರೆ ಬರೀ ಹಸಿರು ಗುಡ್ಡದ ಚಿತ್ರ ಇದೆ."

"ಬೇರೆ ಎಲ್ಲಾದ್ರೂ ಪ್ರತಿ ಇದ್ಯಾ?"

"ಇಲ್ಲ. ಮದುವೆ ದಿನಕ್ಕೆ ಮುಂಚೆ ಕೇಳಬಾರದು ಅಂತ ಅಜ್ಜಿ ಮುಟ್ಟೋಕೂ ಬಿಡಲಿಲ್ಲ."

ನಮ್ಮ ಮನೆಗಳಲ್ಲಿ ಬಾಗಿಲಿಗೆ ಎದುರಾದ ಗೋಡೆಯ ಬದಿ ಎಲ್ಲಕ್ಕಿಂತ ಗೌರವದ ಜಾಗ. ಹಿರಿಯ ಅತಿಥಿ ಕೂರುವುದು ಅಲ್ಲಿ, ಬೆಲೆಬಾಳುವುದನ್ನು ಇಡುವುದೂ ಅಲ್ಲಿ. ಮೇಷ್ಟ್ರು ಅದರಂತೆಯೇ ತಮ್ಮ ಬಾತಾವನ್ನು, ಕಂಪ್ಯೂಟರಿನ ಬಾಗಿಲು ತೆರೆದರೆ ಎದುರಿಗೇ ಕಾಣುವ ಪರದೆಯ ಮೇಲೆ ಇಟ್ಟಿದ್ದರು. ಆ ಪರದೆಯ ಮೇಲಿಟ್ಟದ್ದು ಇರುವುದು ಸಿ ಡ್ರೈವಿನೊಳಗೆ ಎಂದು ಅವರಿಗೆ ಗೊತ್ತಿರಲಿಲ್ಲ. ಯಂತ್ರ ಏಳದೇ ಇದ್ದುದರಿಂದ ಎಜೆಗೂ ಅದು ಕಂಡಿರಲಿಲ್ಲ.

ಎಜೆ ಯಂತ್ರದ ಮೇಲೂ ವೈರಸ್ಸಿನ ಮೇಲೂ ತಪ್ಪು ಹೊರಿಸಲಿಲ್ಲ. "ನಾನು ಅಳಿಸಿಬಿಟ್ಟೆ ಜಿಬೆಕ್," ಅಂದರು. "ಇನ್ನು ಇದನ್ನ ಆನ್ ಮಾಡ್ಬೇಡ. ಅಜ್ಜಿಗೆ ನಾನೇ ಬಂದು ಹೇಳ್ತೀನಿ."

ಹೇಳಿ ಬಂದವರು ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿದರು. ಅಳಿಸಿದ್ದು ತಕ್ಷಣ ಮಾಯವಾಗುವುದಿಲ್ಲ. ಅದರ ಮೇಲೆ ಇನ್ನೊಂದನ್ನು ಬರೆದರೆ ಮಾತ್ರ ಹೋಗುತ್ತದೆ. ಹೊಸ ವಿಂಡೋಸ್ ಎಷ್ಟು ಜಾಗ ನುಂಗಿತ್ತೋ ಯಾರಿಗೆ ಗೊತ್ತು. ಹುಡುಕುವ ಕೆಲಸ ಬುಧವಾರ ಮಧ್ಯಾಹ್ನದವರೆಗೂ ನಡೆಯಿತು.

ದೂಯ್ಶೆನ್ ಕಿಟಕಿಯಿಂದ ತಲೆ ಹಾಕಿದ. "ಏನ್ ಎಜೆ, ಊರಿಗೆಲ್ಲ ಡಿ ಡಿ ಅಂತ ಪಾಠ ಹೇಳಿದ್ರಿ. ಮೇಷ್ಟ್ರು ಒಬ್ರು ಮಾತ್ರ ನಿಮ್ಮ ಕ್ಲಾಸಿಗೆ ಚಕ್ಕರ್ ಹೊಡೆದಿದ್ರಾ?"

"ನಿನ್ನ ಕೀಲಿ ನೀನು ತಿಕ್ಕು ಹೋಗು."

ಅವನು ಹೋದ. ಸ್ವಲ್ಪ ಹೊತ್ತಿಗೆ ಮಾಂಸ ತುಂಬಿದ ಎರಡು ಬಿಸಿ ಸಮ್ಸಾ ತಂದು ಕಿಟಕಿಯಲ್ಲಿಟ್ಟು ಹೋದ.

ಮುನ್ನೂರ ನಲವತ್ತು ದನಿಯ ಕಡತಗಳು ಸಿಕ್ಕವು. ಯಾವುದಕ್ಕೂ ಹೆಸರಿಲ್ಲ, ಬರೀ ಅಂಕಿ. ಒಂದೊಂದನ್ನೂ ತೆರೆದು ಕೇಳಬೇಕು. ಯಂತ್ರದ ಟಿಂಗ್ ಸದ್ದುಗಳು, ಅರ್ಧ ಹಾಡುಗಳು, ಬರೀ ಗೊರಗೊರ. ಸಾಯ್ಕಲ್ ಅಪಾ ಗುರುವಾರ ಬೆಳಿಗ್ಗೆ ಬಂದು ಸ್ಟೂಲಿನ ಮೇಲೆ ಕೂತವರು ಏಳಲಿಲ್ಲ. ಬೈಯಲೂ ಇಲ್ಲ. ಅದು ಎಜೆಗೆ ಇನ್ನೂ ಕಷ್ಟವಾಗಿತ್ತು. ಅಪಾ ಇಬ್ಬರಿಗೂ ಚಹಾ ಬಗ್ಗಿಸುತ್ತಿದ್ದರು, ಬಟ್ಟಲು ಬಟ್ಟಲು.

ಇನ್ನೂರ ಹನ್ನೊಂದನೆಯದರಲ್ಲಿ ಮಾತಿಗೆ ಮೊದಲು ಯಾರೋ ಗಂಟಲು ಸರಿಮಾಡಿಕೊಂಡರು. ಎಜೆ ಥಟ್ಟನೆ ನಿಲ್ಲಿಸಿದರು.

"ಮೇಷ್ಟ್ರೇ ಇದು."

"ಇನ್ನೂ ಮಾತೇ ಆಡಿಲ್ವಲ್ಲೇ!"

"ಟ್ರಂಕ್ ಕಾಲ್ ಸಿಕ್ಕಾಗಲೂ ಹಿಂಗೇ ಮಾಡೋರು. 'ಹಲೋ' ಅನ್ನೋಕೆ ಮುಂಚೆ, ತರಗತಿಗೆ ಹೋಗೋರ ಥರ. ಇಪ್ಪತ್ತು ವರ್ಷ ಕೇಳಿದೀನಿ ಅಪಾ."

ಅಪಾ ಎರಡೂ ಕೈಯನ್ನು ಮಡಿಲಿಗೆ ಒತ್ತಿಕೊಂಡರು. "ಮುಂದಕ್ಕೆ ಹಾಕ್ಬೇಡ. ಮೊದಲು ಅವಳು ಕೇಳ್ಬೇಕು."

ಎಜೆ ಹೆಡ್‌ಫೋನ್ ಹಾಕಿಕೊಂಡು ಕೊನೆಯ ನಾಲ್ಕು ಕ್ಷಣಗಳನ್ನಷ್ಟೇ ಕೇಳಿದರು. ತೆಗೆದಿಟ್ಟಾಗ ಅವರ ಮುಖ ಬಿಳುಚಿಕೊಂಡಿತ್ತು.

"ಅರ್ಧ ನಿಮಿಷ ಇದೆ ಅಷ್ಟೇ. ಮಾತಿನ ಮಧ್ಯ ನಿಂತೋಗತ್ತೆ. ಉಳಿದಿದ್ದರ ಮೇಲೆ ನಾನೇ ಹೊಸದು ಬರ್ದಿದೀನಿ. ಕೊನೇಲಿ ಓಮೀನ್ ಇಲ್ಲ ಅಪಾ."

ಓಮೀನ್ ಎನ್ನದೆ ಬಾತಾ ಮುಗಿಯುವುದಿಲ್ಲ. ಒಡ್ಡಿದ ಬೊಗಸೆಯನ್ನು ಮುಖಕ್ಕೆ ಸವರಿ ಇಳಿಸುವುದು ಆ ಮಾತು ಕೇಳಿದ ಮೇಲೆಯೇ.

ಅಪಾ ಒಲೆಗೆ ಇನ್ನೊಂದು ಸೌದೆ ಹಾಕಿದರು. "ಇರೋ ಅಷ್ಟು ತಗೊಂಡು ಬಾ," ಅಂದರು.

"ನಾನು ಹೆಂಗೆ ಬರ್ಲಿ? ಯಾವ ಮುಖ ಹೊತ್ಕೊಂಡು ಬರ್ಲಿ?"

"ನೀನು ಬರದೇ ಇದ್ರೆ ಗುಂಡಿ ಒತ್ತೋರು ಯಾರು, ನಾನಾ? ಇನ್ನೂ ಏನೇನು ಅಳಿಸಿ ಹಾಕ್ತೀನೋ."

ಶನಿವಾರ ಮನೆ ತುಂಬ ಜನ. ಅಂಗಳದಲ್ಲಿ ಗಂಡಿನ ಕಡೆಯವರ ಕಾರುಗಳು ನಿಂತಿದ್ದವು. ಎಜೆ ಕಂಪ್ಯೂಟರನ್ನು ತಗ್ಗು ಮೇಜಿನ ಮೇಲಿಟ್ಟು, ಬಾಗಿಲ ಪಕ್ಕ ಮುದುಡಿ ಕೂತರು. ಜಿಬೆಕ್ ಎದುರಿಗೆ ಮಂಡಿಯೂರಿದಳು. ಎಲ್ಲರೂ ಬೊಗಸೆಯೊಡ್ಡಿದರು. ಎಜೆ ಗುಂಡಿ ಒತ್ತಿದರು.

ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ಮೇಷ್ಟ್ರ ದನಿ, ಸ್ವಲ್ಪ ದಣಿದದ್ದು.

"ಜಿಬೆಕ್, ಮಗಳೇ. ನಿನ್ನ ದಾರಿ ಬೆಳ್ಳಗಿರಲಿ. ನಿನ್ನ ಒಲೆ ಆರದಿರಲಿ. ನೀನು ಹೋಗೋ ಊರಿನ ನದಿ ನಮ್ಮ ನದಿಗೇ ಸೇರತ್ತೆ, ನಕ್ಷೆಯಲ್ಲಿ ನೋಡಿದೀನಿ. ನಿನ್ನ ಅತ್ತೆಗೆ ನಿನ್ನ ನಗು ಹಿಡಿಸ್ಲಿ. ಒಂದುವೇಳೆ ನಿನಗೆ ಅಲ್ಲಿ..."

ಅಲ್ಲಿಗೆ ನಿಂತಿತು.

ಯಾರೂ ಕೈ ಇಳಿಸಲಿಲ್ಲ. ಇಳಿಸುವಂತಿರಲಿಲ್ಲ. ಗಂಡಿನ ಕಡೆಯ ಮುದುಕರು ಒಬ್ಬರ ಮುಖ ಒಬ್ಬರು ನೋಡಿದರು. ಜಿಬೆಕ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಎಜೆ ತಲೆ ತಗ್ಗಿಸಿದರು.

"ಸಾಕು ಬಿಡಿ, ಮೇಷ್ಟ್ರೇ," ಸಾಯ್ಕಲ್ ಅಪಾ ಪರದೆಗೆ ಅಂದರು. "ಬದುಕಿದ್ದಾಗ ನೀವು ಬಾತಾ ಶುರು ಮಾಡಿದ್ರೆ ಬಂದೋರ ಕೈ ಸೋತು ಹೋಗ್ತಿತ್ತು. ಇವತ್ತಾದ್ರೂ ನನಗೆ ಎರಡು ಮಾತು ಬಿಟ್ರಲ್ಲ."

ಯಾರೋ ನಕ್ಕರು, ನಕ್ಕವರೇ ಕಣ್ಣೊರೆಸಿಕೊಂಡರು.

"ಒಂದುವೇಳೆ ನಿನಗೆ ಅಲ್ಲಿ ಬೇಜಾರಾದ್ರೆ, ಜಿಬೆಕ್, ಬಾ. ಹೇಳಿ ಕಳಿಸ್ಬೇಕಿಲ್ಲ. ನಾನಿರೋವರೆಗೂ ಈ ಮನೇಲಿ ಚಹಾ ಬಿಸಿಯಾಗಿರತ್ತೆ. ನಿನ್ನ ಮಕ್ಕಳಿಗೂ ಹಿಂಗೇ ಯಾರಾದ್ರೂ ಬಾತಾ ಕೊಡೋರು ಸಿಗ್ಲಿ."

ಅಪಾ ಅಲ್ಲಿ ನಿಂತರು. ಕೊನೆಯ ಮಾತಿಗಾಗಿ ಎಲ್ಲರೂ ಕಾದರು. ಅಪಾ ಬಾಗಿಲ ಕಡೆ ತಿರುಗಿದರು. ಅಲ್ಲಿ ಎಜೆಯ ಎರಡೂ ಕೈ ಮಡಿಲಲ್ಲಿ ಮುಚ್ಚಿಕೊಂಡಿದ್ದವು.

"ಬುರುಲ್ಚಾ, ಕೈ ಎತ್ತೇ. ನಿನ್ನಿಂದ ಎಲ್ರ ಕೈ ನೋಯ್ತಿದೆ."

ಎಜೆ ನಿಧಾನವಾಗಿ ಬೊಗಸೆ ತೆರೆದರು.

"ಓಮೀನ್," ಅಂದರು ಅಪಾ. ಮನೆಯಲ್ಲಿದ್ದವರ ಕೈಗಳೆಲ್ಲ ಒಟ್ಟಿಗೆ ಮುಖದ ಮೇಲಿಂದ ಇಳಿದವು.