ಲಿಫ್ಟ್ ಕಿಟ್ ಮತ್ತು ಒಂದು ‘ತಗೋ’

2023ರಲ್ಲಿ ನಾನು ನ್ಯೂಜೆರ್ಸಿಯ ಮಾರಿಸ್‌ಟೌನ್ ಬಳಿ ಒಂದು ಖಾಸಗಿ ವಾಹನ ಪರೀಕ್ಷಾ ಲ್ಯಾಬ್‌ನಲ್ಲಿ ಸೀನಿಯರ್ ಟೆಸ್ಟ್ ಎಂಜಿನಿಯರ್ ಆಗಿದ್ದೆ. ನಿವೃತ್ತಿಗೆ ಇನ್ನೊಂದು ವರ್ಷವಿತ್ತು. ನಮ್ಮ ಕೆಲಸವನ್ನು ಸರಳವಾಗಿ ಹೇಳುವುದಾದರೆ ಇಷ್ಟು: ಕಾರ್ಖಾನೆಯಿಂದ ಬಂದ ಗಾಡಿಗೆ ಹೊರಗಿನ ಕಂಪನಿಗಳು ಮಾಡಿದ ಬಿಡಿಭಾಗ ಹಾಕಿದರೆ ಗಾಡಿಯ ನಡತೆಯಲ್ಲಿ ಏನು ಬದಲಾಗುತ್ತದೆ ಎಂದು ಅಳೆಯುವುದು. ಬ್ರೇಕ್ ಹಿಡಿದರೆ ಎಷ್ಟು ದೂರ ಹೋಗಿ ನಿಲ್ಲುತ್ತದೆ, ತಿರುವಿನಲ್ಲಿ ಎಷ್ಟು ವಾಲುತ್ತದೆ, ಸೀಟಿನಲ್ಲಿ ಕೂತವನಿಗೆ ಎದುರಿನ ನೆಲ ಎಲ್ಲಿಂದ ಕಾಣಲು ಶುರುವಾಗುತ್ತದೆ. ವರದಿಯ ಕೊನೆಯಲ್ಲಿ ಬರೆಯಲು ಎರಡೇ ಮಾತು, ಪಾಸ್ ಅಥವಾ ಫೇಲ್. ಮಧ್ಯದ್ದೊಂದು ಇಲ್ಲ. ಫೇಲ್ ಎಂದು ಬರೆದು ಎಷ್ಟೋ ಕಂಪನಿಗಳ ಸೇಲ್ಸ್‌ನವರಿಂದ ಬೈಸಿಕೊಂಡಿದ್ದೇನೆ. ಅದಕ್ಕಾಗಿ ಒಂದು ರಾತ್ರಿಯೂ ನಿದ್ದೆ ಕೆಟ್ಟಿರಲಿಲ್ಲ. ಅಂಥವನು ಒಬ್ಬ ಹದಿನೆಂಟರ ಹುಡುಗನಿಗೆ ಬೇಡ ಎನ್ನಲಾರದೆ ಹೋದೆ. ಈಗ ಹೇಳಹೊರಟಿರುವುದು ಆ ಕೇಸ್. ಲ್ಯಾಬ್‌ನ ಯಾವ ಫೈಲಿನಲ್ಲೂ ಅದು ಇಲ್ಲ.

ಹುಡುಗನ ಹೆಸರು ಸುಹಾಸ್. ಅವನ ತಾಯಿ ವೀಣಾ ಮೈಸೂರಿನವರು, ಆಸ್ಪತ್ರೆಯೊಂದರ ಐಟಿ ವಿಭಾಗದಲ್ಲಿ ಕೆಲಸ. ಅವರ ಪತಿ ಕನ್ಸಲ್ಟಿಂಗ್ ಕೆಲಸದ ಮೇಲೆ ವಾರಪೂರ್ತಿ ಊರೂರು ತಿರುಗುವವರು. ಮನೆ ಐಸೆಲಿನ್‌ಗೆ ಹತ್ತಿರ. ಶನಿವಾರ ನಮ್ಮವರ ಅಂಗಡಿಗಳಿರುವ ಓಕ್ ಟ್ರೀ ರೋಡ್‌ಗೆ ಸಾಮಾನು ತರಲು ಹೋದಾಗ ಅವರ ಮನೆಯಲ್ಲಿ ಕಾಫಿ ಕುಡಿಯದೆ ನಾನೂ ನನ್ನ ಹೆಂಡತಿಯೂ ಹಿಂತಿರುಗಿದ್ದು ಕಡಿಮೆ. ನಾನು ಗದಗಿನವನು. ಪರಿಚಯವಾದ ಹೊಸತರಲ್ಲಿ ಒಮ್ಮೆ ಹೊರಡುವಾಗ ನಾನು, “ಮತ್ತ ಬರ್ತೇವಿ ತಗೋರಿ” ಎಂದಿದ್ದೆ. ವೀಣಾ ನನ್ನ ಕೈ ನೋಡಿ, “ಏನು ತಗೋಬೇಕು?” ಎಂದು ಕೇಳಿದ್ದರು. ಆಮೇಲೆ ವರ್ಷಗಟ್ಟಲೆ ಅದು ನಮ್ಮ ನಡುವಿನ ತಮಾಷೆಯಾಗಿತ್ತು. ನನ್ನ ಕನ್ನಡಕ್ಕೆ ಸಬ್‌ಟೈಟಲ್ ಬೇಕು ಎನ್ನುತ್ತಿದ್ದರು. ಆ ತಮಾಷೆಯನ್ನು ಮಗನಿಗೆ ಯಾರೂ ಹೇಳಿರಲಿಲ್ಲ.

ಆ ಬೇಸಿಗೆಯಲ್ಲಿ ಸುಹಾಸ್ ಹೈಸ್ಕೂಲ್ ಮುಗಿಸಿ ಹೊಸ ಪಿಕಪ್ ಟ್ರಕ್ ತೆಗೆದುಕೊಂಡ. ನಮ್ಮವರ ಮಕ್ಕಳು ಸಾಮಾನ್ಯವಾಗಿ ಅಪ್ಪನ ಹಳೆಯ ಸೆಡಾನ್ ಓಡಿಸುತ್ತಾರೆ. ಇವನು ಗೆಳೆಯನ ಜೊತೆ ಸೇರಿ ಲಾನ್ ಕತ್ತರಿಸುವ, ಗಿಡ ನೆಡುವ ಕೆಲಸ ಹಿಡಿದಿದ್ದ, ಅದಕ್ಕೆ ಪಿಕಪ್ ಬೇಕಿತ್ತು. ವೀಣಾ ಒಂದು ದಿನ ಫೋನ್ ಮಾಡಿದರು.

“ಗಾಡಿ ವಿಷಯ ನೀವೇ ಸ್ವಲ್ಪ ಹೇಳಿ. ಅದನ್ನ ಇನ್ನೂ ಎತ್ತರ ಮಾಡಿಸ್ತಾನಂತೆ. ನಾನು ಬಾಯಿ ತೆಗೆದ್ರೆ ಯು ಡೋಂಟ್ ನೋ ಅಮ್ಮ ಅಂತಾನೆ.”

ಎತ್ತರ ಮಾಡಿಸುವುದು ಎಂದರೆ ಲಿಫ್ಟ್ ಕಿಟ್ ಹಾಕಿಸುವುದು. ಚಕ್ರಕ್ಕೂ ಗಾಡಿಯ ಮೈಗೂ ನಡುವಿನ ಸ್ಪ್ರಿಂಗ್, ರಾಡುಗಳನ್ನು ಬದಲಿಸಿ ಇಡೀ ಗಾಡಿಯನ್ನು ಮೇಲೆತ್ತುತ್ತಾರೆ, ಅದಕ್ಕೊಪ್ಪುವ ದೊಡ್ಡ ಟೈರ್ ಹಾಕುತ್ತಾರೆ. ಅವನಿಗೆ ಆರು ಇಂಚಿನ ಲಿಫ್ಟ್ ಬೇಕಿತ್ತು.

ನಾನು ಹೋದೆ. ರಸ್ತೆಯಿಂದ ಮನೆಯವರೆಗೆ ಬರುವ ಡ್ರೈವ್‌ವೇಯಲ್ಲಿ ಟ್ರಕ್ಕಿನ ಪಕ್ಕ ನಿಂತು ಮಾತಾಡಿದೆವು. ಗುರುತ್ವ ಕೇಂದ್ರ ಮೇಲೆ ಹೋದರೆ ತಿರುವಿನಲ್ಲಿ ಏನಾಗುತ್ತದೆ, ಟೈರ್ ಭಾರವಾದರೆ ಬ್ರೇಕ್ ಯಾಕೆ ತಡವಾಗುತ್ತದೆ, ಎಲ್ಲ ಹೇಳಿದೆ. ಹುಡುಗ ಗಾಡಿಯ ಕೆಳಗೆ ಮಲಗಿ, ಒಂದೊಂದು ಭಾಗ ಮುಟ್ಟಿ, ಒಳ್ಳೊಳ್ಳೆಯ ಪ್ರಶ್ನೆ ಕೇಳಿದ. ಸತ್ಯ ಹೇಳಬೇಕೆಂದರೆ ನನಗೆ ಬಹಳ ಹಿಗ್ಗಾಯಿತು. ನನ್ನ ಮಗಳು ಅಪ್ಪ ಆಫೀಸಿನಲ್ಲಿ ಏನು ಮಾಡುತ್ತಾನೆಂದು ಒಮ್ಮೆಯೂ ಕೇಳಿದವಳಲ್ಲ. ಇಲ್ಲಿ ಒಬ್ಬ ಹುಡುಗ ನನ್ನನ್ನು ದೊಡ್ಡ ಪಂಡಿತನಂತೆ ನೋಡುತ್ತಿದ್ದ. ಕೊನೆಗೆ ಅವನು ಎದ್ದು ಕೈ ಒರೆಸಿಕೊಂಡು ಕೇಳಿದ.

“ಸೋ ಅಂಕಲ್, ಶುಡ್ ಐ ಗೆಟ್ ಇಟ್?”

ನನ್ನ ತಲೆಯಲ್ಲಿ ಉತ್ತರ ಸಿದ್ಧವಿತ್ತು, ಫೇಲ್. ಅವನ ಮುಖ ನೋಡಿದೆ. ಅದನ್ನು ಬಾಡಿಸುವ ಮನಸ್ಸಾಗಲಿಲ್ಲ.

“ನೋಡೂಣ ತಗೋ” ಎಂದೆ.

ನಮ್ಮ ಗದಗ, ಧಾರವಾಡದ ಕಡೆ ಇದಕ್ಕಿಂತ ಸ್ಪಷ್ಟವಾದ ನಿರಾಕರಣೆ ಬೇಕಿಲ್ಲ. ‘ನೋಡೂಣ’ ಎಂದರೆ ಈ ವಿಷಯ ಇಲ್ಲಿಗೆ ಬಿಡು ಎಂದರ್ಥ. ‘ತಗೋ’ ಎನ್ನುವುದಕ್ಕೂ ತೆಗೆದುಕೊಳ್ಳುವುದಕ್ಕೂ ಸಂಬಂಧವೇ ಇಲ್ಲ; ಆತು ತಗೋ, ಹೋಗ್ಲಿ ತಗೋ, ಬರ್ತಾನ ತಗೋ ಎಂದು ಮಾತಿನ ತುದಿಗೆ ಹಚ್ಚುವ ಮೆತ್ತನೆಯ ಬಾಲ. ಅಷ್ಟರಲ್ಲಿ ಮಜ್ಜಿಗೆ ತಂದ ವೀಣಾ ಅದನ್ನು ಕೇಳಿಸಿಕೊಂಡು ಸಮಾಧಾನದಿಂದ ನಕ್ಕರು. ಅವರಿಗೆ ಅರ್ಥವಾಗಿತ್ತು. ಸುಹಾಸ್‌ನ ಕನ್ನಡ ಅಮ್ಮನ ಅಡುಗೆಮನೆಯಲ್ಲಿ ಕಲಿತದ್ದು. ಅಲ್ಲಿ ‘ಇಡ್ಲಿ ತಗೋ’ ಎಂದರೆ ಇಡ್ಲಿ ತೆಗೆದುಕೊಳ್ಳಬೇಕು. ಅವನು ಕೇಳಿಸಿಕೊಂಡದ್ದು ಎರಡು ವಾಕ್ಯ: ನೋಡೋಣ, ತಗೋ.

“ಕೂಲ್. ಥ್ಯಾಂಕ್ಸ್ ಅಂಕಲ್” ಎಂದು ಮಜ್ಜಿಗೆ ಕುಡಿದ.

ನವೆಂಬರಿನಲ್ಲಿ ದೀಪಾವಳಿ ಬಂತು. ಹಬ್ಬದ ಹಿಂದಿನ ಸಂಜೆ ಚಕ್ಕುಲಿ ಕೊಡಲು ಅವರ ಮನೆಗೆ ಹೋದಾಗ ಡ್ರೈವ್‌ವೇಯಲ್ಲಿ ಟ್ರಕ್ ನಿಂತಿತ್ತು, ಮೂತಿ ರಸ್ತೆಯ ಕಡೆಗೆ. ಅದರ ಮುಂದೆ ನಿಂತರೆ ಬಾನೆಟ್ ನನ್ನ ಎದೆ ದಾಟಿ ಬರುತ್ತಿತ್ತು. ಆ ವಾರವಷ್ಟೇ ಲಿಫ್ಟ್ ಹಾಕಿಸಿದ್ದನಂತೆ. ಒಳಗೆ ವೀಣಾ, “ನೀವೇ ಓಕೆ ಅಂದ್ರಂತೆ, ನಾನೇನೋ ಬೇಡ ಅಂದಿದ್ರಿ ಅಂದ್ಕೊಂಡಿದ್ದೆ” ಎಂದರು. ಸುಹಾಸ್ ಹಿಂದಿನಿಂದ, “ಹೀ ಸೆಡ್ ತಗೋ” ಎಂದ.

ಆ ಕ್ಷಣದಲ್ಲೇ ನನಗೆ ಎಲ್ಲ ಗೊತ್ತಾಯಿತು. ನನ್ನ ಮಾತು ಹೇಗೆ ಹೋಗಿ ಎಲ್ಲಿ ಮುಟ್ಟಿತ್ತು ಎಂಬುದೂ ಗೊತ್ತಾಯಿತು, ಹೊರಗೆ ನಿಂತ ಗಾಡಿ ಎಂಥದೆಂಬುದೂ ಗೊತ್ತಿತ್ತು. ಆದರೆ ಮರುದಿನಕ್ಕೆ ಅವರ ಮನೆಗೆ ಜನ ಬರುವವರಿದ್ದರು, ಒಲೆಯ ಮೇಲೆ ಪಾಕ ಕುದಿಯುತ್ತಿತ್ತು, ಹುಡುಗ ಖುಷಿಯಲ್ಲಿದ್ದ. ಹಬ್ಬ ಕೆಡಿಸುವುದು ಯಾಕೆ, ಸೋಮವಾರ ಫೋನ್ ಮಾಡಿ ಹೇಳಿದರಾಯಿತು ಎಂದುಕೊಂಡೆ. “ಮುಂದಿನ ವಾರ ಒಂದ್ಸಲ ನಮ್ಮ ಲ್ಯಾಬಿಗೆ ತೊಗೊಂಡು ಬಾ, ಚೆಕ್ ಮಾಡೂಣ” ಎಂದಷ್ಟೇ ಹೇಳಿ, ಎರಡು ಹೋಳಿಗೆ ತಿಂದು ಮನೆಗೆ ಬಂದೆ. ಮೊದಲ ಸಲದ್ದನ್ನು ಬೇಕಾದರೆ ಭಾಷೆಯ ಮೇಲೆ ಹಾಕಬಹುದು. ಈ ಎರಡನೆಯದನ್ನು ಯಾವುದರ ಮೇಲೂ ಹಾಕಲು ನನಗೆ ಆಗಿಲ್ಲ.

ಮರುದಿನ ಬೆಳಿಗ್ಗೆ ವೀಣಾ ಅಡುಗೆಮನೆಯಿಂದಲೇ ಮಗನಿಗೆ ಹಾಲು, ಕೊತ್ತಂಬರಿ ತಂದುಕೊಡಲು ಹೇಳಿದ್ದಾರೆ. ಅವನು ಮಹಡಿಯಲ್ಲಿ ಕೀ ಹುಡುಕುತ್ತಿದ್ದಾಗ ಅವರು ರಂಗೋಲಿ ಡಬ್ಬಿ ಹಿಡಿದು ಮುಂಬಾಗಿಲಿನಿಂದ ಹೊರಗೆ ಬಂದಿದ್ದಾರೆ. ಪ್ರತಿ ವರ್ಷ ಮೆಟ್ಟಿಲ ಬಳಿ ಚಿಕ್ಕದಾಗಿ ಹಾಕುವವರು, ಜನ ಬರುತ್ತಾರೆಂದು ಆ ಸಲ ಡ್ರೈವ್‌ವೇಯ ಬಾಯಲ್ಲಿ ದೊಡ್ಡದು ಹಾಕಲು ಕೂತಿದ್ದಾರೆ. ಸುಹಾಸ್ ಹಿಂದಿನ ಗ್ಯಾರೇಜಿನಿಂದ ಬಂದು ಗಾಡಿ ಹತ್ತಿದ. ಎಂಜಿನ್ ಶುರುವಾದದ್ದು ವೀಣಾ ಅವರಿಗೆ ಕೇಳಿಸಿತ್ತು. ಚಳಿಗೆ ಗಾಡಿ ಬಿಸಿ ಮಾಡುತ್ತಿದ್ದಾನೆ ಎಂದುಕೊಂಡು ಎಳೆ ಬಿಡುತ್ತಲೇ ಇದ್ದರು. ಆಮೇಲೆ ಆಸ್ಪತ್ರೆಯಲ್ಲಿ ನನಗೆ ಹೇಳಿದ ಮಾತು ಇದು:

“ಅಷ್ಟು ಎತ್ತರದಲ್ಲಿ ಕೂತವನಿಗೆ ನಾನು ಕಾಣಲ್ವಾ ಅಂದ್ಕೊಂಡೆ. ಮೇಲಿಂದ ಎಲ್ಲ ಕಾಣುತ್ತೆ ತಾನೆ?”

ಗಾಡಿ ನಡಿಗೆಯ ವೇಗದಲ್ಲಿ ಬಂದು ಬಡಿದದ್ದರಿಂದ ಜೀವ ಉಳಿಯಿತು. ಸೊಂಟದ ಕೀಲಿನ ಕೆಳಗೆ ತೊಡೆಯ ಮೂಳೆ ಮುರಿದಿತ್ತು. ಆಪರೇಷನ್ ಮಾಡಿ ರಾಡ್ ಹಾಕಿದರು. ನಾನು ಹೋದಾಗ ಸುಹಾಸ್ ಕಾರಿಡಾರಿನಲ್ಲಿ ಕೂತಿದ್ದ, ಅಮ್ಮನನ್ನು ಎತ್ತಲು ಹೋದ ಕೈಗಳಿಗೆ ರಂಗೋಲಿ ಪುಡಿ ಇನ್ನೂ ಹಾಗೇ ಅಂಟಿತ್ತು. ಪೊಲೀಸರಿಗೂ ಅಪ್ಪನಿಗೂ ಅವನು ಹೇಳಿದ್ದು ಒಂದೇ ಮಾತು, ಐ ಡಿಡಂಟ್ ಲುಕ್. ಅಂಕಲ್ ಹೇಳಿದ್ದರು ಎಂದು ಯಾರ ಮುಂದೆಯೂ ಅನ್ನಲಿಲ್ಲ. ಅಂದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಆಮೇಲೆ ಹುಡುಗ ಗಾಡಿ ಮುಟ್ಟಲಿಲ್ಲ. ಆಗಷ್ಟೇ ಸೇರಿದ್ದ ಕಾಲೇಜಿಗೆ ಹೋಗುವುದನ್ನೂ ನಿಲ್ಲಿಸಿದ, ಗೆಳೆಯನ ಫೋನ್ ತೆಗೆಯಲಿಲ್ಲ, ಅಮ್ಮನ ಹತ್ತಿರ ಕೂತರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ವೀಣಾ ರಿಹ್ಯಾಬ್ ಸೆಂಟರಿನಲ್ಲಿ ವಾಕರ್ ಹಿಡಿದು ನಡೆಯಲು ಕಲಿಯುತ್ತಿದ್ದಾಗ ನನ್ನನ್ನು ಹತ್ತಿರ ಕರೆದರು. ತಮ್ಮ ಕಾಲಿನ ಬಗ್ಗೆ ಒಂದು ಮಾತೂ ಇಲ್ಲ.

“ಅವನು ಒಳಗೊಳಗೇ ಸಾಯ್ತಿದಾನೆ. ನೀವು ಅಳೆದು ನೋಡಿ. ಲಿಫ್ಟ್ ಇಲ್ದೇ ಇದ್ರೂ ನಾನು ಕಾಣ್ತಿರಲಿಲ್ಲ ಅಂತ ಹೇಳಿ. ನೀವು ಹೇಳಿದ್ರೆ ನಂಬ್ತಾನೆ.”

ಉತ್ತರ ಹಾಗೇ ಬರಲಿ ಎಂದು ನಾನೂ ಆಸೆಪಟ್ಟೆ. ಬರುವ ಸಾಧ್ಯತೆ ಇತ್ತು. ಇವತ್ತಿನ ಪಿಕಪ್‌ಗಳ ಮೂತಿ ಎಷ್ಟು ಎತ್ತರವೆಂದರೆ, ಏನೂ ಬದಲಿಸದಿದ್ದರೂ ಎದುರಿನ ಕೆಲವು ಅಡಿ ನೆಲ ಚಾಲಕನಿಗೆ ಕಾಣುವುದಿಲ್ಲ. ನಾವು ಅದನ್ನು ಫ್ರಂಟ್ ಬ್ಲೈಂಡ್ ಜೋನ್ ಎನ್ನುತ್ತೇವೆ. ಗಾಡಿ ಎತ್ತಿದಷ್ಟೂ ಚಾಲಕನ ಕಣ್ಣು ಮೇಲೆ ಹೋಗುತ್ತದೆ ನಿಜ, ಆದರೆ ಬಾನೆಟ್ಟೂ ಜೊತೆಗೇ ಮೇಲೆ ಹೋಗಿ ಇನ್ನಷ್ಟು ನೆಲವನ್ನು ಮುಚ್ಚುತ್ತದೆ. ವೀಣಾ ಅವರ ಲೆಕ್ಕ ತಪ್ಪಿದ್ದು ಇಲ್ಲೇ. ಬೇಸಿಗೆಯಲ್ಲಿ ಬ್ರೇಕು, ತಿರುವು ಎಂದೆಲ್ಲ ಉಪನ್ಯಾಸ ಕೊಟ್ಟ ನಾನು ಇದೊಂದನ್ನು ತಾಯಿಗೂ ಹೇಳಿರಲಿಲ್ಲ, ಮಗನಿಗೂ ಹೇಳಿರಲಿಲ್ಲ.

ಒಂದು ಭಾನುವಾರ ಟೇಪು ತೆಗೆದುಕೊಂಡು ಅವರ ಮನೆಗೆ ಹೋದೆ. ಮಳೆಗೆ ಬಣ್ಣ ಹೋಗಿದ್ದರೂ ಡಾಂಬರಿನ ಸಂದುಗಳಲ್ಲಿ ರಂಗೋಲಿಯ ಬಿಳಿ ಉಳಿದಿತ್ತು. ಅವರು ಕೂತಿದ್ದ ಜಾಗ ಗಾಡಿಯ ಮೂತಿಯಿಂದ ಒಂಬತ್ತು ಅಡಿ. ಬಗ್ಗಿ ಕೂತ ಹೆಂಗಸಿನ ತಲೆಯ ಎತ್ತರಕ್ಕೆ, ಅಂದರೆ ಸುಮಾರು ಮೂವತ್ತು ಇಂಚಿಗೆ, ಒಂದು ಸ್ಟೂಲಿನ ಮೇಲೆ ಡಬ್ಬಿ ಇಟ್ಟೆ. ಸುಹಾಸ್ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದ. ನಾನು ಸೀಟು ಹತ್ತಿ ಕೂತು ನೋಡಿದೆ, ಇಳಿದು ಡಬ್ಬಿ ಸರಿಸಿದೆ, ಮತ್ತೆ ಹತ್ತಿದೆ. ಹತ್ತೂವರೆ ಅಡಿಯವರೆಗೆ ಡಬ್ಬಿ ಕಾಣಲಿಲ್ಲ. ಇದೇ ಮಾಡೆಲ್‌ನ ಮಾರ್ಪಡಿಸದ ಗಾಡಿಯೊಂದು ಲ್ಯಾಬ್‌ನಲ್ಲಿತ್ತು. ಅದನ್ನು ಹಿಂದಿನ ದಿನವೇ, ಇಷ್ಟೇ ಎತ್ತರಕ್ಕೆ ಡಬ್ಬಿ ಇಟ್ಟು ಅಳೆದಿದ್ದೆ. ಅದರಲ್ಲಿ ಎಂಟು ಅಡಿ ದಾಟಿದ ಕೂಡಲೇ ಡಬ್ಬಿಯ ಮುಚ್ಚಳ ಕಂಡಿತ್ತು. ವೀಣಾ ಕೂತಿದ್ದದ್ದು ಈ ಎರಡರ ನಡುವೆ. ಎಲ್ಲಾದರೂ ತಪ್ಪಿರಬಹುದೆಂದು ಮತ್ತೆ ಅಳೆದೆ. ನನ್ನ ವೃತ್ತಿಯಲ್ಲಿ ಅಳತೆ ತಪ್ಪಾಗಿರಲಿ ಎಂದು ಬೇಡಿಕೊಂಡದ್ದು ಅದೊಂದೇ ಸಲ.

ಹುಡುಗ ಎದ್ದು ಬಂದು ಗಾಡಿಯ ಬಾಗಿಲ ಬಳಿ ನಿಂತ. ನನ್ನ ಜೊತೆ ಯಾವಾಗಲೂ ಇಂಗ್ಲಿಷಿನಲ್ಲೇ ಮಾತಾಡುವವನು ಅವತ್ತು ಕನ್ನಡದಲ್ಲಿ ಕೇಳಿದ.

“ಅಂಕಲ್, ಲಿಫ್ಟ್ ಇಲ್ಲ ಅಂದ್ರೆ, ಅಮ್ಮ ಕಾಣಿಸ್ತಿದ್ರಾ?”

ನನ್ನ ನಾಲಿಗೆಯ ತುದಿಗೆ ‘ಹೋಗ್ಲಿ ತಗೋ’ ಬಂದಿತ್ತು. ನುಂಗಿಕೊಂಡೆ.

“ಕಾಣಿಸ್ತಿದ್ರು. ತಲಿ ಅಷ್ಟ ಕಾಣಿಸ್ತಿತ್ತು. ಅಷ್ಟು ಸಾಕಾಗಿತ್ತು” ಎಂದೆ. “ನೀ ಕೇಳಿದ ದಿವ್ಸ ನಾ ಬ್ಯಾಡ ಅನ್ನಬೇಕಾಗಿತ್ತು. ಅನ್ನಲಿಲ್ಲ. ಹಬ್ಬದ ಹಿಂದಿನ ದಿವ್ಸನೂ ಅನ್ನಲಿಲ್ಲ. ನೀ ಮುಂದ ನೋಡದೇ ಗಾಡಿ ಬಿಟ್ಟಿದ್ದು ನಿನ್ನ ತಪ್ಪು. ಉಳಿದದ್ದು ನಂದು.”

ಅವನು ಟೈರಿಗೆ ಒರಗಿ ಕೂತು ಅತ್ತ. ಅಪಘಾತವಾದ ಮೇಲೆ ಅವನು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು, “ಬಟ್ ಯು ಸೆಡ್ ತಗೋ” ಎಂದ. ನಮ್ಮ ಕಡೆ ಅದಕ್ಕೆ ಆ ಅರ್ಥವಿಲ್ಲ, ಸುಮ್ಮನೆ ಸೇರಿಸುತ್ತೇವೆ, ಬೇಡ ಎಂದು ಮುಖದ ಮೇಲೆ ಹೇಳಿದರೆ ಎದುರಿನವರಿಗೆ ನೋವಾದೀತೆಂದು ಹಾಗೆ ಹೇಳುತ್ತೇವೆ ಎಂದು ವಿವರಿಸಿದೆ. ಅವನು ಗಮನವಿಟ್ಟು ಕೇಳಿದ. ಸಿಟ್ಟು ಮಾಡಲಿಲ್ಲ.

“ಸೋ ಯು ನ್ಯೂ ಇಟ್ ವಾಸ್ ಎ ನೋ” ಎಂದಷ್ಟೇ ಹೇಳಿದ.



ಚಳಿ ಕಡಿಮೆಯಾದ ಮೇಲೆ ಅವನೂ ನಾನೂ ಸೇರಿ ಅವರ ಗ್ಯಾರೇಜಿನಲ್ಲೇ ಲಿಫ್ಟ್ ಕಿಟ್ ಬಿಚ್ಚಿ, ಕಾರ್ಖಾನೆಯ ಸ್ಪ್ರಿಂಗ್‌ಗಳನ್ನೇ ಮರಳಿ ಹಾಕಿದೆವು. ಹೆಚ್ಚು ಮಾತಿಲ್ಲ, ಸ್ಪ್ಯಾನರ್ ಕೊಡು, ಲೈಟ್ ಹಿಡಿ ಅಷ್ಟೇ. ಈಗ ಅವನು ಮತ್ತೆ ಡ್ರೈವ್ ಮಾಡುತ್ತಾನೆ, ಲಾನ್ ಕೆಲಸವನ್ನೂ ಹಿಡಿದಿದ್ದಾನೆ. ಹತ್ತುವ ಮೊದಲು ಪ್ರತಿ ಸಲ ಗಾಡಿಯ ಮುಂದಿನಿಂದ ಒಂದು ಸುತ್ತು ಬರುತ್ತಾನೆ, ಖಾಲಿ ಪಾರ್ಕಿಂಗ್ ಲಾಟ್‌ನಲ್ಲಾದರೂ. ಅದನ್ನು ಯಾರೂ ಅವನಿಗೆ ಹೇಳಿಕೊಟ್ಟದ್ದಲ್ಲ. ಈಗಲೂ ಏನಾದರೂ ಕೇಳಬೇಕಾದಾಗ ನನಗೆ ಫೋನ್ ಮಾಡುತ್ತಾನೆ, ಪ್ರಶ್ನೆಯ ಕೊನೆಗೆ “ಯೆಸ್ ಆರ್ ನೋ, ಅಂಕಲ್?” ಎಂದು ಸೇರಿಸುತ್ತಾನೆ.

ಮರುವರ್ಷ ನಾನು ನಿವೃತ್ತನಾದೆ. ವಿದಾಯದ ದಿನ ನನ್ನ ಮ್ಯಾನೇಜರ್, ಈ ಮನುಷ್ಯ ಯಾವತ್ತೂ ಫೇಲ್ ಎನ್ನಲು ಹೆದರಲಿಲ್ಲ ಎಂದು ಹೊಗಳಿದಾಗ ನಾನು ತಲೆ ತಗ್ಗಿಸಿ ಕೂತಿದ್ದೆ. ಅಪರಿಚಿತರಿಗೆ ಇಲ್ಲ ಎನ್ನುವುದಕ್ಕೆ ಧೈರ್ಯ ಬೇಕಾಗುವುದಿಲ್ಲ, ಅದು ಸಂಬಳದ ಕೆಲಸ. ನಮ್ಮನ್ನು ಇಷ್ಟಪಡುವವರು ಕೇಳಿದಾಗ ನಾವು ಮೆತ್ತಗೆ ಮಾತಾಡುವುದು ಅವರಿಗೆ ನೋವಾಗದಿರಲಿ ಎಂದಲ್ಲ, ಅವರ ಕಣ್ಣಿನಲ್ಲಿ ನಾವು ಒಳ್ಳೆಯವರಾಗಿ ಉಳಿಯಲಿ ಎಂದು. ನನ್ನ ಕೆಲಸ ನನಗೆ ಕಲಿಸಿದ್ದು ಇದು, ಅದೂ ಕೆಲಸದ ಹೊರಗೆ, ತಡವಾಗಿ. ಈಗ ಯಾವ ಹುಡುಗ ಹುಡುಗಿ ಗಾಡಿಯ ವಿಷಯ ಕೇಳಿದರೂ ಬೇಡ ಅನ್ನಿಸಿದರೆ ಬೇಡ ಎನ್ನುತ್ತೇನೆ. ಮುದುಕನಾಗುತ್ತಾ ಒರಟನಾಗುತ್ತಿದ್ದೀಯ ಎಂದು ಹೆಂಡತಿ ಬೈಯುತ್ತಾಳೆ.

ವೀಣಾ ಈಗ ಕೋಲು ಹಿಡಿದು ನಡೆಯುತ್ತಾರೆ, ಸ್ವಲ್ಪ ಕುಂಟುತ್ತಾರೆ. ರಂಗೋಲಿಗೆ ನೆಲದ ಮೇಲೆ ಕೂರಲಾಗುವುದಿಲ್ಲ. ತಾವು ಕೇಳಿಕೊಂಡ ಸುಳ್ಳನ್ನು ನಾನು ಹೇಳಲಿಲ್ಲವೆಂದು ಕೆಲವು ತಿಂಗಳು ನನ್ನೊಡನೆ ಸರಿಯಾಗಿ ಮಾತಾಡಿರಲಿಲ್ಲ. ಕಳೆದ ಯುಗಾದಿಗೆ ಹೋದಾಗ ಅವರೊಬ್ಬರೇ ಇದ್ದರು. ಬಹಳ ದಿನದಿಂದ ಗಂಟಲಲ್ಲಿದ್ದುದನ್ನು ಹೇಳಿಬಿಟ್ಟೆ.

“ನನ್ನಿಂದ ತಪ್ಪಾತ್ರಿ, ವೀಣಾ ಅವರ. ಹಿಂದಿನ ದಿವ್ಸಾನ ನನಗ ಗೊತ್ತಿತ್ತು.”

ಅವರು ಕಾಫಿ ಬಗ್ಗಿಸುತ್ತಿದ್ದರು. ಲೋಟ ತುಂಬುವವರೆಗೆ ತಲೆ ಎತ್ತಲಿಲ್ಲ. ಆಮೇಲೆ ಅದನ್ನು ನನ್ನ ಕಡೆಗೆ ಸರಿಸಿ, “ಇರ್ಲಿ ಬಿಡಿ” ಎಂದರು.

ಮೈಸೂರಿನವರ ಆ ‘ಬಿಡಿ’ಯೂ ನಮ್ಮ ‘ತಗೋ’ದಂಥದೇ. ಕ್ಷಮಿಸಿದ್ದೇನೆ ಎಂದೂ ಆಗಬಹುದು, ಆ ಮಾತು ಇನ್ನೊಮ್ಮೆ ನನ್ನ ಮುಂದೆ ಎತ್ತಬೇಡಿ ಎಂದೂ ಆಗಬಹುದು. ಯಾವುದು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಕಾಫಿ ಕುಡಿದು ಮನೆಗೆ ಬಂದೆ.